ಡ್ರಿಲ್ ಮಿಸ್ಸಿನ ಹಸಿರು ಪಟ್ಟಿ

ಡ್ರಿಲ್ ಮಿಸ್ ಹಾಸಿಗೆಯಲ್ಲಿ, ನಿದ್ದೆಯಲ್ಲೇ ತೀರಿಕೊಂಡರು ಎಂಬ ಸುದ್ದಿ ಬಂದಾಗ ನಮ್ಮ ರಸ್ತೆಯವರಿಗೆ ದುಃಖಕ್ಕಿಂತ ಮೊದಲು ಆಶ್ಚರ್ಯವಾಯಿತು. ಅವರು ಹೋಗುವುದಾದರೆ ಸೈಕಲ್ ಮೇಲೆಯೇ ಎಂದು ನಾವೆಲ್ಲ ಬಹಳ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದೆವು. ಯಾವ ವಾಹನದಿಂದ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿತ್ತು. ನೀರಿನ ಟ್ಯಾಂಕರ್ ಎಂದು ನಾನು, ಕಾಲೇಜು ಹುಡುಗರ ಬೈಕು ಎಂದು ನನ್ನ ಹೆಂಡತಿ. ಬಾಗಿಲಿಗೆ ಹೂ ತರುವ ಹೆಂಗಸಂತೂ ನಂಬಲೇ ಇಲ್ಲ. "ಹಾಸ್ಗೇಲಾ? ಡ್ರಿಲ್ ಮಿಸ್ಸಾ? ಸರ್ಯಾಗ್ ವಿಚಾರ್ಸಿದ್ರಾ ಸಾರ್?" ಎಂದು ನನ್ನನ್ನೇ ಗದರಿಸಿದಳು.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಬಸವನಗುಡಿಯಲ್ಲಿ ಯಾರಿಗೂ ಗುರುತು ಸಿಗಲಾರದು. ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ನಮ್ಮ ಸುತ್ತಮುತ್ತಲಿನ ಅರ್ಧದಷ್ಟು ಹೆಂಗಸರು ಅವರ ಸೀಟಿಗೆ ಓಡಿದವರು, ಬಸ್ಕಿ ಹೊಡೆದವರು, ಥ್ರೋಬಾಲ್ ಕೈತಪ್ಪಿದ್ದಕ್ಕೆ ಮೈದಾನ ಸುತ್ತಿದವರು. ಅವರಿಗೆ ಡ್ರಿಲ್ ಮಿಸ್ ಆದವರು ಅವರ ಗಂಡಂದಿರಿಗೂ ಡ್ರಿಲ್ ಮಿಸ್ಸೇ ಆದರು. ಮದುವೆಯಲ್ಲಿ ಹೆಣ್ಣಿನ ಕಡೆಯಿಂದ ಬರುವ ಪಾತ್ರೆಪಡಗಗಳ ಜೊತೆಗೆ ಆ ಹೆದರಿಕೆಯೂ ನಮ್ಮ ಮನೆಗೆ ಬಂದಿತ್ತು.

ನೋಡಿದರೆ ಐದಡಿಯೂ ಇಲ್ಲದ ಆಳು. ಬೆನ್ನು ಮಾತ್ರ ಗೋಡೆಗೆ ಆನಿಸಿಟ್ಟ ಒನಕೆಯ ಹಾಗೆ ನೆಟ್ಟಗೆ. ಕಾಟನ್ ಸೀರೆ, ಬಿಳಿ ಕ್ಯಾನ್ವಾಸ್ ಶೂ. ಸೀರೆಯ ನೆರಿಗೆಯನ್ನು ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಪಾದದ ಮೇಲೆ ಬಿಗಿದುಕೊಂಡು, ಹಿಂದಿನ ಚಕ್ರಕ್ಕೆ ಬಲೆ ಕಟ್ಟಿದ ಹಳೆಯ ಲೇಡೀಸ್ ಸೈಕಲ್ ಹತ್ತಿ ಹೊರಟರೆಂದರೆ ಗಾಂಧಿ ಬಜಾರಿನ ಆಟೋದವರೂ ದಾರಿ ಬಿಡುತ್ತಿದ್ದರು. ಎಡಕ್ಕೆ ತಿರುಗಬೇಕಾದರೆ ಅದೆಷ್ಟೋ ದೂರದಿಂದಲೇ ಎಡಗೈ ಚಾಚುವರು. ತಿರುಗಿದ ಮೇಲೆಯೂ ಕೈ ಸ್ವಲ್ಪ ಹೊತ್ತು ಹಾಗೇ ಇರುತ್ತಿತ್ತು, ಹಿಂದಿನವರಿಗೆ ಪಾಠ ಮನದಟ್ಟಾಗಲಿ ಎಂದು.

ನಮ್ಮ ಮನೆ ಅವರ ಮನೆಯ ಎದುರು. ರಸ್ತೆಯ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಬೇರೆ ಯಾರೂ ಒಪ್ಪದ ಕಾರಣ ಆ ಪದವಿ ನನ್ನ ತಲೆಗೆ ಬಿದ್ದದ್ದು, ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಬೆಳಿಗ್ಗೆ ನಾನು ಗೇಟಿನ ಬಳಿ ಪೇಪರ್ ಹಿಡಿದು ನಿಂತಿದ್ದರೆ ಡ್ರಿಲ್ ಮಿಸ್ ಸೈಕಲ್ ನಿಲ್ಲಿಸದೆಯೇ, "ಸೆಕ್ರೆಟ್ರೀ, ಹೊಟ್ಟೆ ಒಳಕ್ಕೆ!" ಎಂದು ಕೂಗಿ ಹೋಗುವರು. ನನಗೆ ಗೊತ್ತಿಲ್ಲದೆಯೇ ಹೊಟ್ಟೆ ಒಳಕ್ಕೆ ಹೋಗುತ್ತಿತ್ತು. ನಾನೊಬ್ಬನೇ ಅಲ್ಲ, ಅವರು ದಾಟುವಷ್ಟು ಹೊತ್ತು ನಮ್ಮ ರಸ್ತೆಯ ಗಂಡಸರೆಲ್ಲ ಸಪೂರವಾಗಿರುತ್ತಿದ್ದೆವು.

"ಮನುಷ್ಯಂಗೆ ಎರಡೇ ಕಾಯಿಲೆ ಕಣ್ರೀ. ಒಂದು ಗೂನು, ಇನ್ನೊಂದು ಕಾರು" ಎನ್ನುವುದು ಅವರ ಮಾತು. ಅವರಿಗೆ ಈ ಎರಡೂ ಇಲ್ಲದಿದ್ದರೂ ಎರಡನೆಯದು ಮನೆಯಲ್ಲೇ ಇತ್ತು. ಮದುವೆಯಾಗದ ಅವರು ತಮ್ಮನ ಕುಟುಂಬದ ಜೊತೆ ಇದ್ದರು. ತಮ್ಮನಿಗೆ ಸೈಟು ಕೊಳ್ಳುವ, ಮಾರುವ ವ್ಯವಹಾರ. ರಸ್ತೆಗೆಲ್ಲ ಗೌಡ್ರು. ಮಾಗಡಿ ಕಡೆಯ ಹಳ್ಳಿಯಿಂದ ತಂದೆ ಎತ್ತಿನ ಗಾಡಿಯಲ್ಲಿ ಬೆಂಗಳೂರಿಗೆ ಬಂದದ್ದನ್ನು ಹೇಳಿಕೊಳ್ಳುವಾಗ ಗೌಡ್ರ ಕಣ್ಣು ತೇವವಾಗುತ್ತಿತ್ತು, ಆದರೆ ಹಾಲಿನ ಬೂತಿಗೂ ಅವರು ಕಾರಿನಲ್ಲೇ ಹೋಗುತ್ತಿದ್ದರು. ಬೂತು ನಮ್ಮ ರಸ್ತೆಯ ಮೂಲೆಯಲ್ಲೇ ಇದೆ.

ಚಾಮರಾಜಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ನಡೆದ ಮದುವೆ ನೆನಪಾಗುತ್ತದೆ. ಗೌಡ್ರು ಕಾರಿನಲ್ಲಿ ಬಂದರು, ಅಕ್ಕ ರೇಷ್ಮೆ ಸೀರೆಗೆ ಕ್ಲಿಪ್ ಹಾಕಿಕೊಂಡು ಸೈಕಲ್ಲಿನಲ್ಲಿ ಬಂದರು. ಬಾಗಿಲಲ್ಲಿ ಕಾರಿನ ಬೀಗದಕೈ ತೆಗೆದುಕೊಂಡು ಟೋಕನ್ ಕೊಡುವ ಸಮವಸ್ತ್ರದ ಮನುಷ್ಯ ನಿಂತಿದ್ದ. ಡ್ರಿಲ್ ಮಿಸ್ ಅವನ ಕೈಗೆ ಸೈಕಲ್ಲಿನ ಬೀಗದಕೈ ಇಟ್ಟರು.

"ಮೇಡಂ, ಇದು ಕಾರಿಗೆ."

"ಬೋರ್ಡಲ್ಲಿ ಹಾಗ್ ಬರ್ದಿದ್ಯಾ? ವಾಹನ ಅಂತ ತಾನೇ ಬರ್ದಿರೋದು? ಇದು ವಾಹನ. ನೆರಳಲ್ಲಿ ನಿಲ್ಸು, ಟೈರು ಹಳೇದು."

ಆತ ಟೋಕನ್ ಕೊಟ್ಟ. ಊಟ ಮುಗಿದ ಮೇಲೆ ಕಾರುಗಳ ಸಾಲಿನಲ್ಲಿ ಗೌಡ್ರು ಬೆವರು ಒರೆಸಿಕೊಳ್ಳುತ್ತ ಕಾಯುತ್ತಿದ್ದರೆ, ಅದೇ ಮನುಷ್ಯ ಸೈಕಲ್ಲನ್ನು ಮದುಮಗಳಂತೆ ನಡೆಸಿಕೊಂಡು ಬಂದು ಅಕ್ಕನ ಮುಂದೆ ನಿಲ್ಲಿಸಿದ. ಇವರು ಬ್ರೇಕ್ ಒತ್ತಿ ನೋಡಿ, "ಗುಡ್" ಎಂದು ಹತ್ತಿ ಹೊರಟುಹೋದರು.

ಹೀಗಿದ್ದವರು ಒಂದು ದಿನ ಬಿದ್ದರು. ಗಾಂಧಿ ಬಜಾರಿನ ಹತ್ತಿರ ನಿಂತಿದ್ದ ಕಾರೊಂದರ ಬಾಗಿಲು ಇದ್ದಕ್ಕಿದ್ದಂತೆ ತೆರೆದುಕೊಂಡಿತು. ಮಣಿಕಟ್ಟಿನ ಮೂಳೆ ಮುರಿಯಿತು. ನಾನು ಓಡಿಹೋಗುವಷ್ಟರಲ್ಲಿ ಅವರು ನೆಲದ ಮೇಲೆ ಕುಳಿತೇ ಕಾರಿನವನಿಗೆ ಡ್ರಿಲ್ ಮಾಡಿಸುತ್ತಿದ್ದರು. "ಬಾಗ್ಲು ತೆಗ್ಯೋಕ್ ಮುಂಚೆ ಕತ್ತು ತಿರ್ಗಿಸ್ಬೇಕು. ತಿರ್ಗ್ಸು. ಪೂರ್ತಿ! ಹಾಂ, ಇನ್ನೊಂದ್ಸಲ." ಆತ ಬೆವರುತ್ತ ಕತ್ತು ತಿರುಗಿಸುತ್ತಿದ್ದ. ಸುತ್ತ ನಿಂತ ಹೂವಿನವರು, ತರಕಾರಿಯವರು ಅವನು ಸರಿಯಾಗಿ ತಿರುಗಿಸುತ್ತಿದ್ದಾನೋ ಇಲ್ಲವೋ ಎಂದು ನೋಡುತ್ತಿದ್ದರು.

ಆಸ್ಪತ್ರೆಯಿಂದ ಬಂದ ಮೇಲೆ ಗೌಡ್ರು ಒಂದೇ ಮಾತು ಹೇಳಿದರು. "ಅಕ್ಕಾ, ಇನ್ನೊಂದ್ಸಲ ಬಿದ್ರೆ ಸೈಕಲ್ ಗುಜ್ರಿಗೆ. ದೇವ್ರಾಣೆಗೂ ಹಾಕ್ಬಿಡ್ತೀನಿ. ಕಾರಿದೆ, ಡ್ರೈವರ್ ಇದಾನೆ, ನಿಂಗೇನ್ ಕಮ್ಮಿ?"

ಗೌಡ್ರು ಕೆಟ್ಟವರಲ್ಲ. ಅಕ್ಕ ಎಂದರೆ ಪ್ರಾಣ. ತಾಯಿ ಬೇಗ ಹೋದ ಮೇಲೆ ಇವರನ್ನು ಸಾಕಿದ್ದೇ ಅಕ್ಕ. ಅದಕ್ಕೇ ಆ ಮಾತಿಗೆ ಡ್ರಿಲ್ ಮಿಸ್ ಎದುರಾಡಲಿಲ್ಲ. ನನ್ನ ಹತ್ತಿರ ಮಾತ್ರ ಹೇಳಿದರು: "ಕಾರಲ್ಲಿ ಕೂತ್ರೆ ನಾನು ಸಾಮಾನು ಕಣ್ರೀ ಸೆಕ್ರೆಟ್ರಿ. ಅವ್ರಿಗ್ ಬಿಡುವಾದಾಗ ಹತ್ತುಸ್ತಾರೆ, ಅವ್ರಿಗ್ ಬೇಕಾದ್ಕಡೆ ಇಳುಸ್ತಾರೆ." ಪ್ಲಾಸ್ಟರ್ ಬಿಚ್ಚಿದ ಮೇಲೆ ಕೆಲವು ದಿನ ಅವರು ಸೈಕಲ್ಲನ್ನು ಹತ್ತದೆ, ಫುಟ್‌ಪಾತಿನ ಮೇಲೆ ತಳ್ಳಿಕೊಂಡು ಬಜಾರಿಗೆ ಹೋಗಿ ಬರುತ್ತಿದ್ದರು. ಯಾರ ಹೊಟ್ಟೆಯನ್ನೂ ಒಳಕ್ಕೆ ಕಳಿಸಲಿಲ್ಲ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಇನ್ನೊಮ್ಮೆ ಬಿದ್ದರೆ ಸೈಕಲ್ ಹೋಗುತ್ತದೆ ಎಂಬ ಭಯ ಅವರನ್ನು ನಿಜಕ್ಕೂ ಹಿಡಿದಿತ್ತು.

ಭಯಕ್ಕೆ ಅವರು ಕಂಡುಕೊಂಡ ಔಷಧಿ, ನಗರ ಯೋಜನೆ. ನಮ್ಮ ರಸ್ತೆಯಿಂದ ಬಜಾರಿನವರೆಗೆ ಸೈಕಲ್ಲಿಗೆಂದೇ ಒಂದು ಪ್ರತ್ಯೇಕ ಪಟ್ಟಿ ಬೇಕು ಎಂದು ಪಾಲಿಕೆಯ ವಾರ್ಡ್ ಕಚೇರಿಗೆ ದಿನಾ ಹೋಗತೊಡಗಿದರು. ಅಲ್ಲಿದ್ದ ಯುವ ಎಂಜಿನಿಯರ್ ಮೃದು ಸ್ವಭಾವದವನು. ಅವನಿಗೆ ಸೈಕಲ್ಲಿನ ಬಗ್ಗೆ ನಿಜವಾಗಿಯೂ ಆಸಕ್ತಿಯಿತ್ತು. ಅದಕ್ಕಿಂತ ಮುಖ್ಯವಾಗಿ, ಅವನ ತಾಯಿ ಇವರ ಶಿಷ್ಯೆ. "ನಿಮ್ಮಮ್ಮ ಥ್ರೋಬಾಲಲ್ಲಿ ಸರ್ವೀಸ್ ಚೆನ್ನಾಗ್ ಮಾಡ್ತಿದ್ಲು, ಆದ್ರೆ ಸೋಮಾರಿ. ನೀನ್ ಹಾಗಾಗ್ಬೇಡ" ಎಂದು ಕಚೇರಿಯ ಎಲ್ಲರೆದುರು ಹೇಳಿದ ಮೇಲೆ ಅವನು ತಡಮಾಡಲಿಲ್ಲ. ಪ್ರಯೋಗಾರ್ಥವಾಗಿ ಪಟ್ಟಿ ಬಳಿಯುವುದು, ಅದಕ್ಕೆ ಮೊದಲು ನಿವಾಸಿಗಳ ಅಭಿಪ್ರಾಯ ಕೇಳುವುದು ಎಂದಾಯಿತು.

ಅಭಿಪ್ರಾಯ ಸಂಗ್ರಹ ಸಭೆಗೆ ನಾನೇ ಕುರ್ಚಿ ಹಾಕಿಸಿದ್ದು. ಬಂದವರೆಲ್ಲರೂ ಸೈಕಲ್ಲಿನ ಪರ. ಸೈಕಲ್ ಆರೋಗ್ಯಕ್ಕೆ ಒಳ್ಳೆಯದು, ಪರಿಸರಕ್ಕೆ ಒಳ್ಳೆಯದು, ನಾವೂ ಚಿಕ್ಕಂದಿನಲ್ಲಿ ಬಾಡಿಗೆ ಸೈಕಲ್ ಹೊಡೆದವರೇ ಎಂದು ಒಬ್ಬೊಬ್ಬರೂ ಎದ್ದು ಹೇಳಿದರು. ಪಟ್ಟಿ ಮಾತ್ರ ಪಕ್ಕದ ರಸ್ತೆಯಲ್ಲಿ ಬರಲಿ ಎಂಬುದು ಸರ್ವಾನುಮತ. ನಮಗೆ ಬೆಂಬಲ ನೀಡಲು ವೈಯಾಲಿಕಾವಲ್, ಕುಮಾರ ಪಾರ್ಕ್ ಕಡೆಯಿಂದ ಕೆಲವು ಸೈಕಲ್ ಪ್ರೇಮಿ ತರುಣರೂ ಬಂದಿದ್ದರು. ತಲೆಗೆ ಹೆಲ್ಮೆಟ್, ಮೈಗಂಟಿದ ಉಡುಪು, ಸೈಕಲ್ಲುಗಳು ಬಂದದ್ದು ಕಾರಿನ ಬೆನ್ನ ಮೇಲೆ. ಡ್ರಿಲ್ ಮಿಸ್ ಹೊರಗೆ ಹೋಗಿ ಅದನ್ನು ಸುತ್ತ ನೋಡಿ ಬಂದು, "ಕಾರ್ ಮೇಲ್ ಸೈಕಲ್ ತಂದಿದೀರಲ್ಲಪ್ಪಾ, ಅದಕ್ಕೇನ್ ಮೈ ಹುಷಾರಿಲ್ವಾ?" ಎಂದು ಕೇಳಿದರು. ಆ ಹುಡುಗರು ಮುಂದಿನ ಸಲ ಅಷ್ಟು ದೂರದಿಂದ ತುಳಿದುಕೊಂಡೇ ಬಂದರು, ಬಂದು ನಮ್ಮ ಮನೆಯ ಜಗಲಿಯಲ್ಲಿ ಒಂದಿಷ್ಟು ಹೊತ್ತು ಮಲಗಿದ್ದರು.

ಕೊನೆಗೆ ಎಂಜಿನಿಯರ್ ಎದ್ದು ನಿಂತು ಹೇಳಿದ. "ಸಂಕ್ರಾಂತಿವರ್ಗೂ ನೋಡೋಣ ಸಾರ್. ಪಟ್ಟಿ ಮೇಲೆ ಸೈಕಲ್ ಓಡಾಡಿದ್ರೆ ಇರುತ್ತೆ. ಓಡಾಡ್ಲಿಲ್ಲ ಅಂದ್ರೆ ಟಾರ್ ಬಳ್ದು ಪಾರ್ಕಿಂಗಿಗೇ ಬಿಟ್ಬಿಡ್ತೀವಿ."

ಗೌಡ್ರು ಮೊದಲು ಚಪ್ಪಾಳೆ ತಟ್ಟಿದರು. ಸಂಕ್ರಾಂತಿ ದೂರವಿರಲಿಲ್ಲ.

ಪಟ್ಟಿ ಬಂತು. ಹಸಿರು ಬಣ್ಣ, ಮೇಲೆ ಬಿಳಿಯ ಸೈಕಲ್ ಚಿತ್ರ, ಅಂಚಿಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕಂಬಗಳು. ಕಂಬಗಳು ಒಂದೊಂದಾಗಿ ಮಾಯವಾದವು. ಒಂದು ಟೀ ಅಂಗಡಿಯ ಟಾರ್ಪಾಲಿಗೆ ಆಸರೆಯಾಯಿತು, ಇನ್ನೊಂದು ಯಾರದೋ ಮಲ್ಲಿಗೆ ಬಳ್ಳಿಗೆ. ಬಣ್ಣ ಒಣಗುವ ಮುನ್ನವೇ ಗೌಡ್ರ ಕಾರು ಪಟ್ಟಿಯ ಮೇಲೆ ನಿಂತಿತು. ಅದರ ಹಿಂದೆ ಉಳಿದವರದು. ನೆಲ ಅಷ್ಟು ಚೊಕ್ಕಟವಾಗಿದ್ದರೆ ಕಾರಿಗೂ ನಿಲ್ಲಬೇಕೆನಿಸುತ್ತದೆ ಎಂದು ಕಾಣುತ್ತದೆ. ಡ್ರಿಲ್ ಮಿಸ್ ಸೀಟಿ ಊದಿದರು. ಕಾರಿನವರು ಕೈ ಮುಗಿದು, "ಐದ್ ನಿಮ್ಷ ಮಿಸ್" ಎಂದು ಹೋದವರು ಸಂಜೆ ಬಂದರು. ಮನೆಯಲ್ಲಿ ತಮ್ಮನಿಗೆ ಹೇಳಿದರೆ, "ಎಲ್ಲಾರೂ ತೆಗ್ದ್ರೆ ನಾನೂ ತೆಗೀತೀನಿ ಅಕ್ಕಾ" ಎಂಬ ಉತ್ತರ. ಎಲ್ಲರದೂ ಅದೇ ಉತ್ತರವಾದ್ದರಿಂದ ಯಾರೂ ತೆಗೆಯುವ ಹಾಗಿರಲಿಲ್ಲ.

ಅಷ್ಟರಲ್ಲಿ ಧನುರ್ಮಾಸ ಬಂತು. ಬಸವನಗುಡಿಯಲ್ಲಿ ಧನುರ್ಮಾಸ ಎಂದರೆ ಮುಂಜಾನೆಯ ಚಳಿ, ಗುಡಿಯ ಹುಗ್ಗಿ, ಮನೆಮನೆಯ ಮುಂದೆ ದೊಡ್ಡ ದೊಡ್ಡ ರಂಗೋಲಿ. ಗೌಡ್ರ ಹೆಂಡತಿ ರಂಗೋಲಿಯಲ್ಲಿ ಎತ್ತಿದ ಕೈ. ಮಾತು ಕಡಿಮೆ, ಗಂಡನ ಮಾತಿಗೂ ಅತ್ತಿಗೆ ಮಾತಿಗೂ ನಡುವೆ ಸಿಕ್ಕಿಕೊಂಡಾಗ ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕುವ ಹೆಂಗಸು. ಒಂದು ಬೆಳಿಗ್ಗೆ ಆಕೆ ಗೇಟಿನ ಮುಂದೆ ಚುಕ್ಕಿಯಿಟ್ಟು ತಾವರೆ ಬಿಡಿಸಿದ್ದರು. ಗೌಡ್ರ ಡ್ರೈವರ್ ಪಟ್ಟಿಯ ಮೇಲಿದ್ದ ಕಾರನ್ನು ತಿರುಗಿಸುವಾಗ ತಾವರೆಯ ಒಂದು ದಳಕ್ಕೂ ಚಕ್ರ ತಾಗಬಾರದೆಂದು ಹಿಂದೆ ಮುಂದೆ ಆಡಿಸಿ, ಆಡಿಸಿ, ಕೊನೆಗೆ ಕಾಂಪೌಂಡಿಗೆ ಬಂಪರ್ ಉಜ್ಜಿದ. ಗೌಡ್ರು ಬಂಪರ್ ನೋಡಿ ಬೈದರು. ಆದರೆ ರಂಗೋಲಿ ತುಳಿಯಬೇಕಿತ್ತು ಎಂದು ಅವರೂ ಹೇಳಲಿಲ್ಲ. ಡ್ರಿಲ್ ಮಿಸ್ ಗೇಟಿನಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು.

ಮರುದಿನ ನಸುಕಿನಲ್ಲಿ ನನ್ನ ಹೆಂಡತಿ ಸ್ವೆಟರ್ ಹಾಕಿಕೊಂಡು ರಂಗೋಲಿ ಡಬ್ಬ ಹಿಡಿದು ಹೊರಟಳು.

"ಇಷ್ಟ್ ಬೇಗ ಎಲ್ಲಿಗೆ?"

"ಪ್ಲಾನಿಂಗಿಗೆ" ಎಂದಳು.

ಹೊರಗೆ ಬಂದು ನೋಡಿದರೆ ರಸ್ತೆಯ ಹೆಂಗಸರೆಲ್ಲ ಹಸಿರು ಪಟ್ಟಿಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ನಾನು ಮುದ್ರಿಸಿ ಹಂಚಿದ ಆಹ್ವಾನಕ್ಕೆ ಸಭೆಗೆ ಇವರಲ್ಲಿ ಒಬ್ಬರೂ ಬಂದಿರಲಿಲ್ಲ, ಇಲ್ಲಿ ಸೊಸೆಯಂದಿರ ಜೊತೆಗೆ ಅತ್ತೆಯರೂ ಬಂದಿದ್ದರು. ಡ್ರಿಲ್ ಮಿಸ್ ಮಧ್ಯೆ ಓಡಾಡುತ್ತ, "ಗೆರೆ ಸೊಟ್ಟ! ಲೈನಿಗ್ ಬಾ!" ಎನ್ನುತ್ತಿದ್ದರು. ಬೆಳಕು ಹರಿಯುವಷ್ಟರಲ್ಲಿ ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ಬಳ್ಳಿ, ಹಂಸ, ತೇಲುವ ದೀಪ, ಕಬ್ಬಿನ ಜಲ್ಲೆಗಳಿಂದ ತುಂಬಿಹೋಗಿತ್ತು. ಗೌಡ್ರ ಮನೆಯ ಎದುರು ಗರಿ ಬಿಚ್ಚಿದ ಒಂದು ನವಿಲು.

ಆ ದಿನದಿಂದ ಪಟ್ಟಿಯ ಮೇಲೆ ಒಂದು ಕಾರೂ ನಿಲ್ಲಲಿಲ್ಲ. ಪೊಲೀಸರ ಬೋರ್ಡಿಗೆ ಹೆದರದವರು ರಂಗೋಲಿ ಪುಡಿಗೆ ಹೆದರಿದರು. ನನ್ನ ಕಾರನ್ನು ಎರಡು ರಸ್ತೆ ಆಚೆ ಬಿಟ್ಟು ನಡೆದು ಬರುವುದು ರೂಢಿಯಾಯಿತು. ಗೌಡ್ರು ಹೆಂಡತಿಯ ಮೇಲೆ ಹಾರಾಡಿದರು. "ನನ್ ಕಾರ್ ಎಲ್ಲೇ ನಿಲ್ಲಿಸ್ಲಿ?" ಆಕೆ ಬಣ್ಣದ ಪುಡಿ ಜರಡಿ ಹಿಡಿಯುತ್ತಲೇ, "ಎಲ್ಲಾದ್ರೂ ನಿಲ್ಸ್ಕೊಳಿ. ನವಿಲ್ ಮೇಲ್ ಬೇಡ" ಎಂದರಂತೆ. ಇಷ್ಟು ವರ್ಷಗಳಲ್ಲಿ ಆಕೆ ಗಂಡನಿಗೆ ಎದುರಾಡಿದ ಮೊದಲ ಮಾತು ಅದು ಎಂದು ನನ್ನ ಹೆಂಡತಿ ಬಹಳ ಸಂತೋಷದಿಂದ ವರದಿ ಮಾಡಿದಳು.

ಗೆದ್ದೆವು ಎಂದುಕೊಂಡೆವು. ಆದರೆ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆವು. ಕಾರು ನಿಲ್ಲದ ಪಟ್ಟಿಯ ಮೇಲೆ ಸೈಕಲ್ಲೂ ಬರಲಿಲ್ಲ. ಪೇಪರ್ ಹಾಕುವವನು ಹಂಸದ ಮುಂದೆ ಇಳಿದು, ಸೈಕಲ್ಲನ್ನು ಎತ್ತಿ ಫುಟ್‌ಪಾತಿಗೆ ಇಟ್ಟುಕೊಂಡು ನಡೆದು ಹೋದ. ಸೈಕಲ್ಲಿನಲ್ಲಿ ಸೊಪ್ಪು ಮಾರುವಾತ ರಂಗೋಲಿಗೆ ಕೈ ಮುಗಿದು ಬಸ್ಸುಗಳ ಮಧ್ಯಕ್ಕೆ ನುಗ್ಗಿದ. ಬೇರೆಯವರ ಮಾತು ಇರಲಿ, ಡ್ರಿಲ್ ಮಿಸ್ಸೇ ಗೇಟಿನಿಂದ ಸೈಕಲ್ ಹೊರಗೆ ತಂದು, ಕಾಲೆತ್ತಿ ಹತ್ತಲು ಹೋಗಿ, ನವಿಲು ನೋಡಿ ನಿಂತರು. ಆಮೇಲೆ ಸೈಕಲ್ಲನ್ನು ತಳ್ಳಿಕೊಂಡು ನವಿಲನ್ನು ಬಳಸಿ, ನಡುರಸ್ತೆಯಲ್ಲಿ, ಟ್ಯಾಂಕರಿನ ಮುಂದೆ ಹೋದರು. ನಾನು ಗೇಟಿನಲ್ಲೇ ನಿಂತು ಕಣ್ಣು ಮುಚ್ಚಿಕೊಂಡೆ.

"ಮಿಸ್, ನೀವೇ ಹೀಗ್ ಮಾಡಿದ್ರೆ ಹೇಗೆ?" ಎಂದು ಸಂಜೆ ಕೇಳಿದೆ.

"ಮತ್ತಿನ್ನೇನ್ ಮಾಡ್ಲಿ? ಅಷ್ಟ್ ಚಳೀಲಿ ಕೂತ್ಕೊಂಡ್ ಹಾಕಿದಾಳೆ. ಅದರ್ ಮೇಲ್ ಚಕ್ರ ಹತ್ತುಸ್ಲಾ? ನಮ್ಮಮ್ಮ ಇದ್ದಿದ್ರೆ ಕಾಲ್ ಮುರೀತಿದ್ಲು."

ಹಬ್ಬಕ್ಕೆ ಮುಂಚೆ ಎಂಜಿನಿಯರ್ ಬಂದ. ಪಟ್ಟಿಯ ಉದ್ದಕ್ಕೂ ಅಂಚಿನಲ್ಲಿ ಹುಷಾರಾಗಿ ನಡೆದು, ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು, ತಾಯಿಗೂ ಒಂದು ಕಳಿಸಿ, ಕೊನೆಗೆ ತಲೆ ಕೆರೆದುಕೊಂಡ.

"ಮೇಡಂ, ತುಂಬಾ ಚೆನ್ನಾಗಿದೆ. ಆದ್ರೆ... ಸೈಕಲ್ ಎಲ್ಲಿ?"

ಡ್ರಿಲ್ ಮಿಸ್ ಗೇಟಿಗೆ ಒರಗಿಸಿದ್ದ ತಮ್ಮ ಸೈಕಲ್ಲಿನ ಕಡೆ ಕೈ ತೋರಿಸಿದರು.

"ನಾನು ಸುಳ್ ಬರ್ಯೋಕಾಗಲ್ಲ ಮೇಡಂ. ಭೋಗಿ ದಿನ ಬೆಳಿಗ್ಗೆ ಇನ್ನೊಂದ್ಸಲ ಬರ್ತೀನಿ. ಅವತ್ತೂ ಖಾಲಿ ಇದ್ರೆ ಪಾರ್ಕಿಂಗ್ ಅಂತ್ಲೇ ಕಳ್ಸ್ಬೇಕಾಗುತ್ತೆ."

ಗೌಡ್ರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಹೋಗ್ಲಿ ಬಿಡಕ್ಕಾ" ಎಂದರು, ಮೆತ್ತಗೆ. "ಪಟ್ಟಿನೂ ಬೇಡ, ಸೈಕಲ್ಲೂ ಬೇಡ. ನಂಗೂ ನೆಮ್ಮದಿ. ನೀನ್ ಹೊರಗ್ ಹೋದಾಗೆಲ್ಲ ಫೋನ್ ಕೈಲಿ ಹಿಡ್ಕೊಂಡ್ ಕೂತಿರ್ತೀನಿ ಕಣಕ್ಕಾ ನಾನು." ಡ್ರಿಲ್ ಮಿಸ್ ಸೈಕಲ್ ತಳ್ಳಿಕೊಂಡು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ನಮ್ಮ ಜಗಲಿಯಲ್ಲಿ ಹೆಂಗಸರ ತುರ್ತು ಸಭೆ ಸೇರಿತು. ರಂಗೋಲಿ ಬಿಟ್ಟರೆ ಕಾರು ಬರುತ್ತದೆ, ಹಾಕಿದರೆ ಸೈಕಲ್ ಬರುವುದಿಲ್ಲ. ನಡುವೆ ಸೈಕಲ್ಲಿನಷ್ಟೇ ಜಾಗ ಬಿಡೋಣ ಎಂದು ನನ್ನ ಹೆಂಡತಿ ಹೇಳಿದಳು. ಒಂದು ದಿನ ಬಿಟ್ಟು ನೋಡಿದರು, ಆ ಜಾಗದಲ್ಲಿ ಸ್ಕೂಟರುಗಳು ಸಾಲಾಗಿ ಬಂದು ನಿಂತವು. ಸ್ಕೂಟರಿನಲ್ಲಿ ಹೋಗುತ್ತಿದ್ದ ನಮ್ಮ ಗುಡಿಯ ಪುರೋಹಿತರನ್ನು ತಡೆದು, ಸೈಕಲ್ಲಿನವರು ರಂಗೋಲಿ ತುಳಿಯಬಹುದೇ ಎಂದು ಕೇಳಿದರು. ಅವರು ಎಂಜಿನ್ ಆಫ್ ಮಾಡಿ, ಕಣ್ಣು ಮುಚ್ಚಿ ಯೋಚಿಸಿ, "ಶಾಸ್ತ್ರದಲ್ಲಿ ಸೈಕಲ್ ವಿಷ್ಯ ಬಂದಿಲ್ಲಮ್ಮಾ" ಎಂದು ಮತ್ತೆ ಕಿಕ್ ಹೊಡೆದರು. ಸಭೆ ಯಾವ ನಿರ್ಣಯಕ್ಕೂ ಬಾರದೆ, ಕಾಫಿಯೊಂದಿಗೆ ಮುಗಿಯಿತು. ಆ ಮಟ್ಟಿಗೆ ನಮ್ಮ ಗಂಡಸರ ಸಭೆಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ.

ಭೋಗಿಯ ಬೆಳಿಗ್ಗೆ ಪಟ್ಟಿ ಎಂದಿಗಿಂತ ಚೆನ್ನಾಗಿತ್ತು. ಯಾರಿಗೂ ಏನು ಮಾಡಬೇಕೆಂದು ತೋಚದಿದ್ದಾಗ ಎಲ್ಲರೂ ತಮಗೆ ಬರುವ ಕೆಲಸವನ್ನೇ ಇನ್ನಷ್ಟು ಚೆನ್ನಾಗಿ ಮಾಡುತ್ತಾರೆ. ಗೌಡ್ರ ಹೆಂಡತಿಯ ನವಿಲಿಗೆ ಈ ಸಲ ಜೋಡಿಯೂ ಬಂದಿತ್ತು. ಎಂಜಿನಿಯರ್ ಬಂದು ನಮ್ಮ ಗೇಟಿನ ಬಳಿ ನಿಂತ. ಗೌಡ್ರು ಪಂಚೆ ಎತ್ತಿ ಕಟ್ಟಿಕೊಂಡು ತಮ್ಮ ಮೆಟ್ಟಿಲ ಮೇಲೆ ನಿಂತರು. ಹೆಂಗಸರೆಲ್ಲ ಬಣ್ಣದ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಸಾಲಾಗಿ ನಿಂತರು.

ಡ್ರಿಲ್ ಮಿಸ್ ಸೈಕಲ್ ತಂದರು. ಕ್ಲಿಪ್ಪು ಹಾಕಿಕೊಂಡರು. ಒಂದು ಕಾಲು ಪೆಡಲಿನ ಮೇಲಿಟ್ಟರು. ಬಸ್ಸಿಗೆ, ಟ್ಯಾಂಕರಿಗೆ, ಹೆಡ್‌ಮಿಸ್ಟ್ರೆಸ್ಸಿಗೆ, ಕೊನೆಗೆ ಮಂತ್ರಿಯ ಬೆಂಗಾವಲು ಕಾರಿಗೂ ಹೆದರದವರು ಆ ನವಿಲಿನ ಮುಂದೆ ನಿಂತುಬಿಟ್ಟರು. ಆಮೇಲೆ ಪೆಡಲಿನ ಮೇಲಿದ್ದ ಕಾಲನ್ನು ಕೆಳಗಿಟ್ಟರು.

"ಆಗಲ್ಲ ಕಣಮ್ಮ" ಎಂದರು, ತಮ್ಮನ ಹೆಂಡತಿಯನ್ನು ನೋಡಿ.

"ಹತ್ತಿ ಅತ್ತಿಗೆ" ಎಂದರು ಆಕೆ. "ಹಾಕಿರೋಳು ನಾನು. ನಾನ್ ಹೇಳ್ತಿದೀನಿ, ಹತ್ತಿ."

"ಹಬ್ಬದ್ ದಿನ ಕಣೇ."

ಆಗ ಗೌಡ್ರ ಹೆಂಡತಿ ಮಾಡಿದ್ದನ್ನು ನಮ್ಮ ರಸ್ತೆ ಇನ್ನೂ ಮಾತಾಡಿಕೊಳ್ಳುತ್ತದೆ. ಆಕೆ ಮುಂದೆ ಬಂದು, ಚಪ್ಪಲಿ ಇಲ್ಲದ ತಮ್ಮ ಬಲಗಾಲನ್ನು ನವಿಲಿನ ಕೊರಳ ಮೇಲಿಟ್ಟು ಆ ಕಡೆಯಿಂದ ಈ ಕಡೆಗೆ ಉಜ್ಜಿಬಿಟ್ಟರು. ನೀಲಿಯೂ ಹಸಿರೂ ಕಲಸಿಹೋಯಿತು. ಸಾಲಿನಲ್ಲಿದ್ದ ಹೆಂಗಸರು "ಅಯ್ಯಯ್ಯೋ" ಎಂದರು. ಆಕೆಯ ಕಣ್ಣಲ್ಲಿ ನೀರಿತ್ತು. "ನಾಳೆ ಬೆಳಿಗ್ಗೆ ಗುಡ್ಸಿ ಇನ್ನೊಂದ್ ಹಾಕ್ತೀನಿ ಅತ್ತಿಗೆ. ದಿನಾ ಅದನ್ನೇ ತಾನೇ ಮಾಡೋದು ನಾನು? ನೀವ್ ಒಳಗ್ ಕೂತ್ಬಿಟ್ರೆ ಏನ್ ಮಾಡ್ಲಿ? ಹೋಗ್ಬನ್ನಿ."

ಡ್ರಿಲ್ ಮಿಸ್ ಹತ್ತಿದರು. ನವಿಲನ್ನು, ಅದರ ಜೋಡಿಯನ್ನು, ಹಂಸವನ್ನು, ನನ್ನ ಹೆಂಡತಿಯ ಸ್ವಲ್ಪ ಸೊಟ್ಟಗಿದ್ದ ದೀಪಗಳನ್ನು ದಾಟಿಕೊಂಡು, ಬೆನ್ನು ನೆಟ್ಟಗೆ ಮಾಡಿ ಬಜಾರಿನ ಕಡೆ ಹೋದರು. ಅವರ ಚಕ್ರಕ್ಕೆ ಮೆತ್ತಿದ ಬಣ್ಣ ರಸ್ತೆಯ ಮೇಲೆ ಗುಲಾಬಿ ಗೆರೆಯಾಗಿ ಬಹಳ ದೂರ ಕಾಣುತ್ತಿತ್ತು. ಫುಟ್‌ಪಾತಿನ ಮೇಲೆ ಸೈಕಲ್ ತಳ್ಳುತ್ತಿದ್ದ ಪೇಪರಿನವನು ಅದನ್ನು ನೋಡಿದ, ನಮ್ಮನ್ನು ನೋಡಿದ, ಪಟ್ಟಿಗೆ ಇಳಿದು ಹಿಂದೆ ಹೊರಟ. ಅವನ ಹಿಂದೆ ಸೊಪ್ಪಿನವನು. ಹೆಂಗಸರು ತಮ್ಮ ತಮ್ಮ ಮಕ್ಕಳ ಸೈಕಲ್ಲುಗಳನ್ನು ಹೊರಗೆ ತರಲು ಒಳಗೆ ಓಡಿದರು. ಎಂಜಿನಿಯರ್ ಫೋಟೋ ಹೊಡೆಯುವುದನ್ನೇ ಮರೆತು ಚಪ್ಪಾಳೆ ತಟ್ಟುತ್ತಿದ್ದ.

ಪಟ್ಟಿ ಉಳಿಯಿತು. ಶಾಸ್ತ್ರ ಆಮೇಲೆ ಬಂತು. ಪುರೋಹಿತರು ಒಂದು ವಾರದ ನಂತರ ತಾವಾಗಿಯೇ ಬಂದು, ಸೈಕಲ್ ಪೆಟ್ರೋಲ್ ಕುಡಿಯದ ವಾಹನವಾದ್ದರಿಂದ ಅದು ಮಡಿ, ರಂಗೋಲಿಯ ಮೇಲೆ ಹೋಗಬಹುದು ಎಂದು ತೀರ್ಪು ಕೊಟ್ಟರು. ಇದು ಹಬ್ಬಿದ ಕೂಡಲೇ ಬ್ಯಾಟರಿ ಸ್ಕೂಟರಿನವರು ನಮ್ಮದೂ ಮಡಿಯೇ ಎಂದು ಸಂಘಕ್ಕೆ ಬಂದರು. ಡ್ರಿಲ್ ಮಿಸ್ ಅವರನ್ನು, "ತುಳಿದ್ರೆ ಮಡಿ, ತಿರುವಿದ್ರೆ ಮೈಲಿಗೆ" ಎಂದು ಓಡಿಸಿದರು. ಇಂಥ ಸೂಕ್ಷ್ಮಗಳನ್ನು ತೀರ್ಮಾನಿಸುವ ಸಂಘಕ್ಕೆ ನಾನು ಕಾರ್ಯದರ್ಶಿಯಾಗಿರುವುದು ನನ್ನ ಪೂರ್ವಜನ್ಮದ ಫಲ.

ಅವರು ಮತ್ತೆ ಬೀಳಲಿಲ್ಲ. ಗೌಡ್ರ ಗುಜರಿ ಮಾತು ಮತ್ತೆ ಬರಲಿಲ್ಲ. ಧನುರ್ಮಾಸ ಮುಗಿದ ಮೇಲೂ ಹೆಂಗಸರು ದಿನಾ ಪಟ್ಟಿಯ ಮೇಲೆ ಸಣ್ಣದಾಗಿ ಎರಡೆಳೆಯಾದರೂ ಎಳೆಯುತ್ತಿದ್ದರು, ಕಾರುಗಳು ದೂರವೇ ಇದ್ದವು, ಡ್ರಿಲ್ ಮಿಸ್ ಕೊನೆಯ ವಾರದವರೆಗೂ ಸೈಕಲ್ ತುಳಿದರು. ಗೌಡ್ರು ಮಾತ್ರ ಪಟ್ಟಿಯನ್ನು ಒಪ್ಪಲಿಲ್ಲ. ಕಾರು ನಿಲ್ಲಿಸಿ ದೂರದಿಂದ ನಡೆದು ಬರುವಾಗಲೆಲ್ಲ ನನ್ನ ಕಡೆ ಕೈ ತೋರಿಸಿ, "ಎಲ್ಲಾ ನಿಮ್ ಸಂಘದ್ ಪ್ರಸಾದ" ಎಂದು ಗೊಣಗುತ್ತಿದ್ದರು. ಸಣ್ಣಗಾಗಿದ್ದೀರಿ ಎಂದು ಯಾರಾದರೂ ಹೊಗಳಿದರೆ ಇನ್ನೂ ಸಿಟ್ಟು ಬರುತ್ತಿತ್ತು.

ಡ್ರಿಲ್ ಮಿಸ್ ಹೋದ ಮರುದಿನ ಬೆಳಿಗ್ಗೆ ನಮ್ಮ ರಸ್ತೆಯಲ್ಲಿ ಯಾರೂ ರಂಗೋಲಿ ಹಾಕಲಿಲ್ಲ. ಸಾವಿನ ಮನೆಯ ಮುಂದೆ ಹಾಕುವ ಹಾಗಿಲ್ಲ. ಉಳಿದವರಿಗೆ ಸೂತಕವಿರಲಿಲ್ಲ, ಆದರೂ ಡಬ್ಬ ಮುಟ್ಟಲು ಯಾರಿಗೂ ಕೈ ಬರಲಿಲ್ಲ. ನನ್ನ ಹೆಂಡತಿ ಬಾಗಿಲಿಗೆ ನೀರು ಹಾಕಿ ಹಾಗೇ ಒಳಗೆ ಬಂದಳು. ಗೌಡ್ರ ವ್ಯವಹಾರದ ಸ್ನೇಹಿತರು ಒಬ್ಬೊಬ್ಬರಾಗಿ ಮಾತಾಡಿಸಲು ಬರತೊಡಗಿದರು. ಬೋಳಾಗಿ ಬಿದ್ದಿದ್ದ ಹಸಿರು ಪಟ್ಟಿಯ ಮೇಲೆ, ನವಿಲಿರುತ್ತಿದ್ದ ಜಾಗದಲ್ಲೇ, ಒಂದು ದೊಡ್ಡ ಕಪ್ಪು ಕಾರು ಬಂದು ನಿಂತಿತು. ಅದರಿಂದ ಬಿಳಿ ಬಟ್ಟೆಯ ದೊಡ್ಡ ಮನುಷ್ಯರೊಬ್ಬರು ಹಾರ ಹಿಡಿದು ಇಳಿದರು. ಗೌಡ್ರು ಅವರ ಜೊತೆ ಸೇರಿ ಕನಕಪುರ ರಸ್ತೆಯಲ್ಲಿ ಏನೋ ದೊಡ್ಡ ಲೇಔಟ್ ಮಾಡುತ್ತಿದ್ದರು.

ಗೌಡ್ರು ಶಾಮಿಯಾನದ ಕೆಳಗೆ ಕೂತಿದ್ದವರು ಎದ್ದು ಬಂದರು. ಆ ಮನುಷ್ಯರು ಅವರ ಎರಡೂ ಕೈ ಹಿಡಿದುಕೊಂಡು, "ಗೌಡ್ರೇ, ಹೀಗಾಗ್ಬಾರ್ದಿತ್ತು, ನಮ್ಮ ಮನೇವ್ರೂ..." ಎಂದು ಶುರುಮಾಡಿದರು. ಗೌಡ್ರ ಕಣ್ಣು ಅವರ ಭುಜದ ಹಿಂದೆ, ಕಾರಿನ ಮೇಲಿತ್ತು. ಕೈ ಬಿಡಿಸಿಕೊಂಡರು.

"ಸಂತಾಪ ಆಮೇಲ್ ಹೇಳೀರಂತೆ ಸ್ವಾಮಿ. ಮೊದ್ಲು ಗಾಡಿ ತೆಗ್ಸಿ. ನಮ್ಮಕ್ಕ ಓಡಾಡೋ ಜಾಗ ಅದು."

ಅಷ್ಟು ಹೇಳಿ, ಸಾವಾದಾಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಮನುಷ್ಯ ರಸ್ತೆಯಲ್ಲಿ ನಿಂತು ಬಿಕ್ಕಿಬಿಕ್ಕಿ ಅತ್ತರು. ಡ್ರೈವರ್ ಕಾರನ್ನು ತೆಗೆದ. ಆಮೇಲೆ ಗೌಡ್ರು ಶಾಮಿಯಾನಕ್ಕೆ ಹೋಗಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಸಿರು ಪಟ್ಟಿಯ ಪಕ್ಕಕ್ಕೆ, ಅಂಚಿನ ಗೆರೆಗೆ ತಾಗದ ಹಾಗೆ ಹಾಕಿಕೊಂಡು ಸಂಜೆಯವರೆಗೆ ಅಲ್ಲೇ ಕೂತರು. ಬಂದವರೆಲ್ಲ ಅಲ್ಲಿಗೇ ಹೋಗಿ ಮಾತಾಡಿಸಿದರು. ಸೈಕಲ್ ಬಂದಾಗಲೆಲ್ಲ ಅವರು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.